ಕೋಲಿನ ನೆರಳಿನಿಂದ ಹೊಸಕೋಟೆಯ ಕನ್ನಡಿವರೆಗೆ

ಹರಿಯಾಣದ ಮಾನೇಸರ್‌ನಲ್ಲಿ, ಕಾರು ಕಾರ್ಖಾನೆಗಳ ನಡುವಿನ ಯಾವುದಾದರೂ ಬಯಲಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟರೆ, ಜೂನ್ 21ರ ನಡುಹಗಲಲ್ಲೂ ಎಂಟೂವರೆ ಸೆಂಟಿಮೀಟರಿನಷ್ಟು ನೆರಳು ಉಳಿದೇ ಇರುತ್ತದೆ. ಡಿಸೆಂಬರ್ 21ಕ್ಕೆ ಅದು ಕೋಲನ್ನೂ ಮೀರಿ ಸುಮಾರು 127 ಸೆಂಟಿಮೀಟರ್ ಆಗುತ್ತದೆ. ಊರು ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿದೆ. ಸೂರ್ಯ ಅಲ್ಲಿ ಎಂದೂ ನೆತ್ತಿಗೆ ಬರುವುದಿಲ್ಲ. ಬೆಂಗಳೂರಿನಲ್ಲಾದರೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನೆರಳು ಬುಡದಲ್ಲೇ ಅಡಗುತ್ತದೆ. ಮಾನೇಸರ್‌ಗೆ ಕೆಲಸಕ್ಕೆ ಹೋದ ಕನ್ನಡಿಗನಿಗೆ ಆ ಶೂನ್ಯ ನೆರಳಿನ ದಿನ ತಪ್ಪಿಹೋಯಿತೆಂದೇ ಲೆಕ್ಕ.

ಬೆಳಕು ನೇರವಾಗಿ ಸಾಗುತ್ತದೆ ಎಂಬ ಒಂದೇ ಸಂಗತಿಯ ಮೇಲೆ ಹಳಬರು ಬಹಳಷ್ಟನ್ನು ಕಟ್ಟಿದರು. ಮಾನೇಸರ್‌ಗೆ ದೂರವಲ್ಲದ ದೆಹಲಿಯ ಜಂತರ್ ಮಂತರ್‌ನಲ್ಲಿ, 1724ರಲ್ಲಿ, ರಾಜ ಸವಾಯಿ ಜಯಸಿಂಹ ನೆರಳಿನಿಂದ ಹೊತ್ತು ಅಳೆಯಲು ಸಮ್ರಾಟ ಯಂತ್ರ ನಿಲ್ಲಿಸಿದ. ಯಂತ್ರ ದೊಡ್ಡದಾದಷ್ಟೂ ಅಳತೆ ಸೂಕ್ಷ್ಮ, ನಿಜ. ಆದರೆ ಸೂರ್ಯ ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚು ಗೆರೆಯಂತೆ ಬೀಳದೆ ಮಸುಕಾಗಿ ಹರಡುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೋಡುಗಳ ನಡುವೆ ಹಾದು ಲಿಂಗ ಮುಟ್ಟುವುದಕ್ಕೂ ಇದೇ ನೇರ ನಡಿಗೆ ಕಾರಣ. ನವೆಂಬರ್ ಕೊನೆಯಲ್ಲೂ ಸೂರ್ಯ ಮುಳುಗುವುದು ಅದೇ ದಿಕ್ಕಿನಲ್ಲಿ. ಆಗ ಮಾತ್ರ ಜನಜಂಗುಳಿ ಇರುವುದಿಲ್ಲ!

ಬಣ್ಣದ ಕಥೆ ತಡವಾಗಿ ಬಂತು, ಆದರೆ ಭರ್ಜರಿಯಾಗಿ ಬಂತು. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಕೈಯಲ್ಲಿ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪುಟ್ಟದೊಂದು ನಿಕಾಲ್ ಪಟ್ಟಕವಿತ್ತು. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಲಾರ್ಡ್ ರೇಲೆ ಹೇಳಿದ್ದರು. ರಾಮನ್ ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದು ನೀರಿನ ಮೇಲ್ಮೈಯ ಹೊಳಪನ್ನು ಅಳಿಸಿ ನೋಡಿದರು. ನೀಲಿ ಹೋಗಲಿಲ್ಲ, ಇನ್ನಷ್ಟು ಗಾಢವಾಯಿತು. ಅಂದರೆ ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. ಆ ಜಾಡು ಹಿಡಿದು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ ಪರಿಣಾಮ ಸಿಕ್ಕಿತು: ಚದುರಿದ ಬೆಳಕಿನಲ್ಲಿ ಒಂದು ಚೂರು ಬಣ್ಣ ಬದಲಿಸಿಯೇ ಹೊರಬರುತ್ತದೆ. ಇದನ್ನು ಅವರು ವಿಸ್ತಾರವಾಗಿ ವಿವರಿಸಿದ್ದು ಮಾರ್ಚ್ 16ರಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಉಪನ್ಯಾಸದಲ್ಲಿ. 1933ರಲ್ಲಿ ಅವರೇ ಬೆಂಗಳೂರಿಗೆ ಬಂದರು. 1948ರಲ್ಲಿ ತಮ್ಮದೇ ಸಂಸ್ಥೆ ತೆರೆದರು.

ಆ ಸಂಸ್ಥೆಯ ನಿಜವಾದ ರತ್ನ ಎಸ್. ಪಂಚರತ್ನಂ ಎನ್ನಲು ಅಡ್ಡಿಯಿಲ್ಲ. ಬೆಳಕಿನ ಧ್ರುವೀಕರಣ ಸ್ಥಿತಿ, ಅಂದರೆ ಅದರ ಅಲೆ ಕಂಪಿಸುವ ಬಗೆ, ಒಂದು ಸುತ್ತು ತಿರುಗಿ ಮೊದಲಿದ್ದಲ್ಲಿಗೇ ಮರಳಿದರೂ ಅಲೆಯ ಹಂತ ಮಾತ್ರ ಕೊಂಚ ಸರಿದಿರುತ್ತದೆ ಎಂದು 1956ರಲ್ಲಿ, ತಮ್ಮ ಇಪ್ಪತ್ತೆರಡರ ಹರೆಯದಲ್ಲಿ, ಅವರು ತೋರಿಸಿದರು. ಲೋಕ ಅದನ್ನು ಮರೆಯಿತು. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರ್ರಿ ಕ್ವಾಂಟಮ್ ಜಗತ್ತಿನಲ್ಲಿ ಇಂಥದ್ದೇ ಹಂತವನ್ನು ಕಂಡ ಮೇಲೆ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಹಳೆಯ ಲೇಖನವನ್ನು ಎತ್ತಿ ತೋರಿಸಿದರು. ಪಂಚರತ್ನಂ 1969ರಲ್ಲೇ ತೀರಿಕೊಂಡಿದ್ದರು.

ದೂರದರ್ಶಕದ ಕನ್ನಡಿಯದು ಬೇರೆಯೇ ಪಾಡು. ಇಲ್ಲಿ ಪ್ರತಿಭೆಯೊಂದೇ ಸಾಲದು, ಕೈ ಪಳಗಬೇಕು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತಮಿಳುನಾಡಿನ ಕಾವಲೂರಿನಲ್ಲಿ ನಿಲ್ಲಿಸಿದ 2.3 ಮೀಟರ್ ದೂರದರ್ಶಕದ ಕನ್ನಡಿಯನ್ನು ನಮ್ಮವರೇ ಉಜ್ಜಿ ನಯಗೊಳಿಸಿದರು. 1986ರ ಜನವರಿಯಲ್ಲಿ ಅದಕ್ಕೆ ಖಗೋಳ ವಿಜ್ಞಾನಿ ವೈನು ಬಪ್ಪು ಅವರ ಹೆಸರಿಟ್ಟರು. ಈಗಿನ ಸವಾಲು ಇನ್ನೂ ಹಿರಿದು. ಹಲವು ದೇಶಗಳು ಸೇರಿ ಕಟ್ಟಲಿರುವ ಮೂವತ್ತು ಮೀಟರ್ ದೂರದರ್ಶಕದ ಮುಖ್ಯ ಕನ್ನಡಿಗೆ 492 ತುಣುಕುಗಳು ಬೇಕು, ಒಂದೊಂದೂ 1.44 ಮೀಟರ್ ಅಗಲ. ಭಾರತದ ಪಾಲಿನ ತುಣುಕುಗಳಿಗೆ ನಯ ಕೊಡುವ ಘಟಕ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ತಲೆಯೆತ್ತಿದೆ. ಬೆಳಕಿನ ಸಿದ್ಧಾಂತದಲ್ಲಿ ಲೋಕಕ್ಕಿಂತ ಮುಂದಿದ್ದ ಬೆಂಗಳೂರು, ಗಾಜು ಉಜ್ಜುವ ಕಸುಬಿಗೆ ಅದೇ ಮರ್ಯಾದೆ ಕೊಡಲು ತೀರಾ ತಡಮಾಡಿತು.