ಪ್ರಯೋಗಶಾಲೆಯ ಬಾಗಿಲೂ ಪೇಟೆಂಟಿನ ಹೆಸರೂ

ಬಾಂದ್ರಾದ ಥಡೋಮಲ್ ಶಹಾನಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಗೊಂಡುದು 1983ರಲ್ಲಿ. ಅದಕ್ಕೆ ಐವತ್ತು ವರ್ಷ ಹಿಂದೆ, 1933ರಲ್ಲಿ, ಇದೇ ಮುಂಬಯಿಯ ಪದವೀಧರೆಯೊಬ್ಬಳಿಗೆ ಪ್ರಯೋಗಶಾಲೆಯ ಬಾಗಿಲು ಮುಚ್ಚಿತು. ಮುಚ್ಚಿದುದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಅಷ್ಟೇನೂ ಹಿತವಾದ ನೆನಪಲ್ಲ.

ಆಕೆ ಕಮಲಾ ಭಾಗವತ್. ಮರಾಠಿ ವಿದುಷಿ ದುರ್ಗಾ ಭಾಗವತರ ಸೋದರಿ. ತಂದೆ ಓದಿದ್ದ ಟಾಟಾ ವಿಜ್ಞಾನ ಮಂದಿರದಲ್ಲಿಯೇ ಸಂಶೋಧನೆ ನಡೆಸಬೇಕೆಂದು ಆಕೆ ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಸ್ತ್ರೀ ಎಂಬ ಕಾರಣದಿಂದಲೇ ನಿರಾಕರಿಸಿದರು. ಕಮಲಾ ಹಿಂದೆಗೆಯಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಪ್ರವೇಶ ದೊರೆಯಿತು. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ದ್ವಿದಳಧಾನ್ಯಗಳ ಪ್ರೋಟೀನುಗಳನ್ನು ಶೋಧಿಸಿದ ಆಕೆಯ ಶ್ರಮವನ್ನು ಕಂಡು ರಾಮನ್ನರ ಮನಸ್ಸು ಬದಲಾಯಿತು. ಇತರ ಸ್ತ್ರೀಯರಿಗೂ ಬಾಗಿಲು ತೆರೆಯಿತು. 1939ರಲ್ಲಿ ಕೇಂಬ್ರಿಜ್ಜಿನ ಡಾಕ್ಟರೇಟು ಪಡೆದ ಆಕೆ, 1947ರಲ್ಲಿ ವಿವಾಹಾನಂತರ ಕಮಲಾ ಸೊಹೋನಿಯಾಗಿ ಮುಂಬಯಿಗೆ ಮರಳಿ, ಇಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ನೀರಾದ ಪೋಷಕಗುಣಗಳನ್ನು ಪರಿಶೀಲಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು.

1911ರ ಪೇಟೆಂಟು ಕಾಯಿದೆಯಾಗಲಿ 1970ರದಾಗಲಿ ಸ್ತ್ರೀಯರನ್ನು ಹೊರಗಿಡಲಿಲ್ಲ. ಅಂತರ ಹುಟ್ಟಿದುದು ಅದಕ್ಕೆ ಬಹು ಹಿಂದೆ: ಪ್ರಯೋಗಶಾಲೆಯೊಳಗೆ ಕಾಲಿಡದವಳು ಪೇಟೆಂಟು ಕಚೇರಿಗೆ ಒಯ್ಯುವುದಾದರೂ ಏನನ್ನು? 2023ರ ಅಂತರರಾಷ್ಟ್ರೀಯ ಅರ್ಜಿಗಳಲ್ಲಿ ಹೆಸರಿಸಲ್ಪಟ್ಟ ಆವಿಷ್ಕರ್ತೃಗಳಲ್ಲಿ ಸ್ತ್ರೀಯರು ಶೇಕಡಾ 18ರಷ್ಟೂ ಇರಲಿಲ್ಲ.

ಈ ಅಂತರವನ್ನು ಕುಗ್ಗಿಸುವ ಒಂದು ಯತ್ನ 2019ರ ಸೆಪ್ಟೆಂಬರಿನ ನಿಯಮ ತಿದ್ದುಪಡಿ. ಸ್ತ್ರೀ ಅರ್ಜಿದಾರರು ತಮ್ಮ ಅರ್ಜಿಯ ಪರಿಶೀಲನೆಯನ್ನು ತ್ವರಿತಗೊಳಿಸುವಂತೆ ಕೋರಬಹುದಾಯಿತು. ಜಂಟಿ ಅರ್ಜಿಯಾದರೆ ಅವರಲ್ಲಿ ಒಬ್ಬಾಕೆಯಿದ್ದರೂ ಸಾಕು. ಸ್ವಾಗತಾರ್ಹವೇ ಸರಿ. ಆದರೆ ನಿಯಮದ ಮಾತನ್ನು ನಿಧಾನವಾಗಿ ಓದಬೇಕು. ಅದು ನೋಡುವುದು ಅರ್ಜಿದಾರರನ್ನು, ಆವಿಷ್ಕರ್ತೃವನ್ನಲ್ಲ; ಅರ್ಜಿದಾರರೆಲ್ಲರೂ ವ್ಯಕ್ತಿಗಳಾಗಿರಬೇಕು, ಸಂಸ್ಥೆಯೊಂದು ಜೊತೆಗಿರಕೂಡದು. ಆವಿಷ್ಕಾರಗಳಾದರೋ ಬಹುಮಟ್ಟಿಗೆ ಕಾರ್ಖಾನೆ, ಕಾಲೇಜು, ಸಂಶೋಧನಾಲಯಗಳಲ್ಲಿ ನಡೆಯುವಂಥವು. ಅರ್ಜಿ ಸಲ್ಲುವುದು ಯಜಮಾನ ಸಂಸ್ಥೆಯ ಹೆಸರಿನಲ್ಲಿ. ಸಂಬಳದ ಸಂಶೋಧಕಿ ಹೀಗೆ ಸವಲತ್ತಿನ ಹೊರಗುಳಿಯುತ್ತಾಳೆ. ಇದು ಸಣ್ಣ ಲೋಪವಲ್ಲ.

ಬಾಂದ್ರಾದ ವಿದ್ಯಾರ್ಥಿನಿಯೊಬ್ಬಳು ಯಂತ್ರವೊಂದನ್ನು ರಚಿಸಿ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಿದರೆ ಈ ನಿಯಮ ಅವಳ ಪಾಲಿಗೆ ಉಂಟು. ಕಾಲೇಜಿನ ಹೆಸರಿನಲ್ಲಿ ಹಾಕಿದರೆ ಸ್ತ್ರೀ ಎಂಬ ನೆಲೆಯ ಸವಲತ್ತು ಇಲ್ಲ. ಆಗ ಉಳಿಯುವುದು 1970ರ ಕಾಯಿದೆಯ 28ನೆಯ ಕಲಮು: ಕೋರಿಕೆ ಅಂಗೀಕೃತವಾದರೆ, ಪೇಟೆಂಟು ಯಾರದೇ ಆಗಿರಲಿ, ಆವಿಷ್ಕರಿಸಿದವರ ಹೆಸರು ಅದರಲ್ಲಿ ದಾಖಲಾಗಬೇಕು. ಆ ದಾಖಲೆಯಿಂದ ಪೇಟೆಂಟಿನ ಮೇಲೆ ಅವಳಿಗೆ ಯಾವ ಹಕ್ಕೂ ಬರುವುದಿಲ್ಲ.