ಐಪಾಡ್ ಒಳಗಿದ್ದ ಹೈದರಾಬಾದ್



ನಮ್ಮ ಕಾರ್ಯಕ್ರಮದಲ್ಲಿ ಒಂದು ಹಾಡು ಮುಗಿದ ಕೂಡಲೇ ನಾನು ಹೇಳುವ ಮಾತು ನಿಮಗೆಲ್ಲ ಬಾಯಿಪಾಠವಾಗಿರಬೇಕು. ಹಾಡಿದವರು ಇಂಥವರು, ಸಾಹಿತ್ಯ ಇಂಥವರದು, ಸಂಗೀತ ಇಂಥವರದು. ಆದರೆ ಆ ಹಾಡನ್ನು ನಿಮ್ಮ ಕಿವಿಗೆ ಮುಟ್ಟಿಸಿದ ಯಂತ್ರವನ್ನು ಮಾಡಿದವರು ಯಾರು? ಅದನ್ನು ನಾವೂ ಹೇಳುವುದಿಲ್ಲ, ನೀವೂ ಕೇಳುವುದಿಲ್ಲ. ಈ ಸಲ ಅಂಥದ್ದೊಂದು ಹೆಸರನ್ನು ಹೇಳಿಬಿಡೋಣ ಅಂತ ಅನ್ನಿಸಿತು.

ಪೋರ್ಟಲ್‌ಪ್ಲೇಯರ್. ಕೇಳಿದ ಹಾಗಿಲ್ಲ, ಅಲ್ಲವೇ? ಆದರೆ ಐಪಾಡ್ ಗೊತ್ತಿಲ್ಲದವರು ನಿಮ್ಮಲ್ಲಿ ಯಾರೂ ಇರಲಾರರು. ಆಪಲ್ ಕಂಪನಿಯ ಆ ಬಿಳಿ ಡಬ್ಬಿಯ ಒಳಗೆ ಕೂತು ಹಾಡು ನುಡಿಸುತ್ತಿದ್ದ ಮುಖ್ಯ ಚಿಪ್ ಈ ಪೋರ್ಟಲ್‌ಪ್ಲೇಯರ್‌ನದು. ಅದರ ಹಿಂದಿನ ಕೆಲಸದ ಒಂದು ಪಾಲು ನಡೆದದ್ದು ನಾವು ನೀವು ದಿನಾ ಓಡಾಡುವ ಈ ಹೈದರಾಬಾದಿನಲ್ಲೇ!

ಕಥೆ ಶುರುವಾಗುವುದು 1999ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ. ನ್ಯಾಷನಲ್ ಸೆಮಿಕಂಡಕ್ಟರ್ ಎಂಬ ಹಳೆಯ ಚಿಪ್ ಕಂಪನಿಯಿಂದ ಹೊರಬಂದ ಕೆಲವರು ಸೇರಿ ಇದನ್ನು ಕಟ್ಟಿದರು. ಆಗ ಎಂಪಿ3 ಹಾಡುಗಳ ಕಾಲ. ಕಂಪ್ಯೂಟರಿನಲ್ಲಿ ಹಾಡು ತುಂಬಿಕೊಂಡವರಿಗೆ ಅದನ್ನು ಜೇಬಿನಲ್ಲಿ ಹಾಕಿಕೊಂಡು ತಿರುಗುವ ಆಸೆ. ಅಂಥ ಪ್ಲೇಯರುಗಳಿಗೆ ಬೇಕಾದ ಚಿಪ್ಪನ್ನೂ, ಅದನ್ನು ನಡೆಸುವ ತಂತ್ರಾಂಶವನ್ನೂ ಸಿದ್ಧ ಮಾಡಿಕೊಡುವುದು ಇವರ ಉದ್ಯೋಗ.

ಇವರಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಚಿಪ್ ತಯಾರಿಸುವ ಕಾರ್ಖಾನೆಗೆ ಫ್ಯಾಬ್ ಅನ್ನುತ್ತಾರೆ. ಅದನ್ನು ಕಟ್ಟಲು ಸಾವಿರಾರು ಕೋಟಿ ರೂಪಾಯಿ ಬೇಕು. ಅದಿಲ್ಲದೆ ಬರೀ ವಿನ್ಯಾಸ ಮಾಡಿ, ತಯಾರಿಕೆಯನ್ನು ಬೇರೆಯವರಿಗೆ ಒಪ್ಪಿಸುವ ಕಂಪನಿಗೆ ಫ್ಯಾಬ್‌ಲೆಸ್ ಕಂಪನಿ ಎಂದು ಹೆಸರು. ನಮ್ಮ ಕನ್ನಡದ ಎಷ್ಟೋ ಪ್ರಕಾಶಕರಿಗೆ ಸ್ವಂತ ಮುದ್ರಣಾಲಯ ಇಲ್ಲವಲ್ಲ, ಹಾಗೆ. ಪುಸ್ತಕ ಅವರದೇ, ಅಚ್ಚು ಹಾಕುವವರು ಬೇರೆ. ಚಿಪ್ ಲೋಕದಲ್ಲಿ ಇಂಥ ವ್ಯಾಪಾರ ಬೆಳೆದದ್ದು 1987ರಲ್ಲಿ ಮಾರಿಸ್ ಚಾಂಗ್ ಅವರು ತೈವಾನಿನಲ್ಲಿ ಟಿಎಸ್‌ಎಂಸಿ ಸ್ಥಾಪಿಸಿದ ಮೇಲೆ. ಯಾರ ವಿನ್ಯಾಸವಾದರೂ ಸರಿ, ನಾವು ತಯಾರಿಸಿ ಕೊಡುತ್ತೇವೆ ಎಂದು ಹೊರಟ ಕಾರ್ಖಾನೆ ಅದು.

ಹೀಗಾಗಿ ಪೋರ್ಟಲ್‌ಪ್ಲೇಯರ್‌ನ ಒಂದು ಚಿಪ್ಪಿನಲ್ಲಿ ಹಲವು ಊರುಗಳು ಸೇರಿದ್ದವು. ಅದರ ಲೆಕ್ಕ ಮಾಡುವ ಭಾಗದ ವಿನ್ಯಾಸ ಇಂಗ್ಲೆಂಡಿನ ಕೇಂಬ್ರಿಜ್‌ನ ಆರ್ಮ್ ಕಂಪನಿಯಿಂದ ಹಕ್ಕು ಪಡೆದದ್ದು. ಪೂರ್ತಿ ಚಿಪ್ಪಿನ ವಿನ್ಯಾಸ ಕ್ಯಾಲಿಫೋರ್ನಿಯಾದ್ದು. ತಯಾರಿಕೆ ತೈವಾನಿನದು. ತಂತ್ರಾಂಶದ ಕೆಲಸಕ್ಕೆ ಹೈದರಾಬಾದಿನ ಎಂಜಿನಿಯರುಗಳು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ನಮ್ಮ ಬೆಂಗಳೂರಿಗೆ ಬಂದಾಗ ತೆರೆದ ಬಾಗಿಲು ಇದು. ಚಿಪ್ಪಿಗೆ ಸಂಬಂಧಿಸಿದ ಬುದ್ಧಿಯ ಕೆಲಸವನ್ನು ಇಲ್ಲಿ ಕೂತೂ ಮಾಡಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಆಗಲೇ.

ಇನ್ನು 2001ಕ್ಕೆ ಬನ್ನಿ. ಜೇಬಿನಲ್ಲಿ ಹಿಡಿಯುವ ಸಂಗೀತ ಪ್ಲೇಯರ್ ಮಾಡಬೇಕೆಂದು ಆಪಲ್ ಹೊರಟಿತ್ತು. ಆ ಕೆಲಸ ಹೊತ್ತವರು ಟೋನಿ ಫಡೆಲ್. ಕೈಯಲ್ಲಿದ್ದದ್ದು ಒಂದು ವರ್ಷಕ್ಕಿಂತ ಕಡಿಮೆ ಸಮಯ. ಚಿಪ್ಪನ್ನು ಮೊದಲಿನಿಂದ ಮಾಡುತ್ತ ಕೂರಲು ಆಗುವುದಿಲ್ಲ. ಹೊರಗೆ ಹುಡುಕಿದಾಗ ಸಿಕ್ಕಿದ್ದು ಪೋರ್ಟಲ್‌ಪ್ಲೇಯರ್. ಅಲ್ಲಿ ಹಿರಿಯ ವ್ಯವಸ್ಥಾಪಕರಾಗಿದ್ದವರೊಬ್ಬರು 2004ರಲ್ಲಿ ಪತ್ರಿಕೆಯವರಿಗೆ ಹೇಳಿದ ಪ್ರಕಾರ, ಕಂಪನಿಗೆ ಆಗ ಹನ್ನೆರಡು ಮಂದಿ ಗಿರಾಕಿಗಳಿದ್ದರು. ಆಪಲ್ ಬಂದ ಮೇಲೆ ಉಳಿದವರನ್ನೆಲ್ಲ ಬಿಟ್ಟುಬಿಟ್ಟರು. ಮುಂದಿನ ಎಂಟು ತಿಂಗಳು ಅಮೆರಿಕದ ಸುಮಾರು 200 ಮಂದಿ, ಭಾರತದ ಸುಮಾರು 80 ಎಂಜಿನಿಯರುಗಳು ಅದೊಂದೇ ಕೆಲಸ ಮಾಡಿದರು.

ಕೆಲಸ ಸುಲಭದ್ದಾಗಿರಲಿಲ್ಲ. ಮೊದಲ ಐಪಾಡಿನಲ್ಲಿ ಹಾಡು ಇಟ್ಟುಕೊಳ್ಳಲು ತೋಷಿಬಾ ಕಂಪನಿಯ 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್ ಇತ್ತು. ಅದು ಸದಾ ತಿರುಗುತ್ತಿದ್ದರೆ ಬ್ಯಾಟರಿ ಎಷ್ಟು ಹೊತ್ತು ಬಂದೀತು? ಅದಕ್ಕೊಂದು ಉಪಾಯ ಮಾಡಿದ್ದರು. ಡಿಸ್ಕ್ ಒಮ್ಮೆ ತಿರುಗಿ, ಮುಂದಿನ ಕೆಲವು ಹಾಡುಗಳನ್ನು 32 ಎಂಬಿಯ ಮೆಮೊರಿಗೆ ಸುರಿದು ಮಲಗಿಬಿಡಬೇಕು. ಎಂಪಿ3 ಹಾಡಿಗೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ ಬೇಕು. ಅಂದರೆ ಇಪ್ಪತ್ತು ನಿಮಿಷ ಡಿಸ್ಕನ್ನು ಎಬ್ಬಿಸದೆ ಹಾಡು ನಡೆಯುತ್ತದೆ. ಹೀಗಾಗಿ ಡಬ್ಬಿ ಕುಲುಕಿದರೂ ಹಾಡು ತಪ್ಪುತ್ತಿರಲಿಲ್ಲ. ಇಷ್ಟಾದರೂ ಮೊದಮೊದಲ ಮಾದರಿಗಳಲ್ಲಿ ಒಂದು ದೋಷ ಉಳಿದಿತ್ತಂತೆ. ಆರಿಸಿಟ್ಟರೂ ಮೂರೇ ಗಂಟೆಯಲ್ಲಿ ಬ್ಯಾಟರಿ ಖಾಲಿ! ಅದನ್ನು ಸರಿಪಡಿಸುವ ಹೊತ್ತಿಗೆ ಎಲ್ಲರ ಜೀವ ಬಾಯಿಗೆ ಬಂದಿತ್ತಂತೆ.

2001ರ ಅಕ್ಟೋಬರ್ 23ರಂದು ಸ್ಟೀವ್ ಜಾಬ್ಸ್ ಜೇಬಿನಿಂದ ಐಪಾಡ್ ತೆಗೆದು ತೋರಿಸಿದರು. ಸಾವಿರ ಹಾಡು, ಹತ್ತು ಗಂಟೆಯ ಬ್ಯಾಟರಿ, ಬೆಲೆ 399 ಡಾಲರ್. ಒಳಗಿದ್ದದ್ದು ಪಿಪಿ5002 ಎಂಬ ಚಿಪ್. ಅದರ ಹೆಸರು ಡಬ್ಬಿಯ ಮೇಲೆ ಎಲ್ಲೂ ಇರಲಿಲ್ಲ.

ಮುಂದಿನದು ಸುಗ್ಗಿಯ ಕಾಲ. 2004ರ ಹಣಕಾಸು ವರ್ಷದಲ್ಲಿ ಆಪಲ್ ಮಾರಿದ ಐಪಾಡ್ ಸುಮಾರು 44 ಲಕ್ಷ. ಮರುವರ್ಷ 2 ಕೋಟಿ 25 ಲಕ್ಷ. 2004ರ ನವೆಂಬರಿನಲ್ಲಿ ಪೋರ್ಟಲ್‌ಪ್ಲೇಯರ್ ಅಮೆರಿಕದ ನ್ಯಾಸ್‌ಡ್ಯಾಕ್ ಷೇರುಪೇಟೆಗೆ ಬಂತು. ಅಲ್ಲಿ ಅದರ ಗುರುತಿನ ಹೆಸರು ಏನು ಗೊತ್ತೇ? 'ಪ್ಲೇ'. 2005ರಲ್ಲಿ ಬಂದ ಮೊದಲ ಐಪಾಡ್ ನ್ಯಾನೋದಲ್ಲೂ ಇವರದೇ ಚಿಪ್.

ಆದರೆ ಕೇಳುಗರೇ, ಈ ಚಪ್ಪರ ನಿಂತಿದ್ದದ್ದು ಒಂದೇ ಕಂಬದ ಮೇಲೆ. ಬರುತ್ತಿದ್ದ ಹಣದಲ್ಲಿ ಬಹುಪಾಲು ಐಪಾಡ್ ಒಂದರಿಂದಲೇ. ಆ ಕಂಬ ಅಲುಗಿದ್ದು 2006ರ ಏಪ್ರಿಲ್‌ನಲ್ಲಿ. ಮುಂದೆ ಬರುವ ಫ್ಲ್ಯಾಶ್ ಮೆಮೊರಿಯ ಐಪಾಡುಗಳಿಗೆ ತಮ್ಮ ಹೊಸ ಚಿಪ್ ಆಯ್ಕೆಯಾಗಿಲ್ಲ ಎಂದು ಕಂಪನಿಯೇ ಪ್ರಕಟಿಸಬೇಕಾಯಿತು. ಷೇರಿನ ಬೆಲೆ ಒಂದೇ ಏಟಿಗೆ ಶೇಕಡ 40ಕ್ಕೂ ಹೆಚ್ಚು ಕುಸಿಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಹೊಸ ನ್ಯಾನೋದೊಳಗೆ ಇದ್ದದ್ದು ಸ್ಯಾಮ್‌ಸಂಗ್ ಚಿಪ್. ಸ್ಯಾಮ್‌ಸಂಗ್‌ಗೆ ಸ್ವಂತ ಕಾರ್ಖಾನೆ ಉಂಟು, ಮೆಮೊರಿಯೂ ಅವರದೇ. ಅಚ್ಚುಕೂಟವೇ ಇಲ್ಲದ ಪ್ರಕಾಶಕರು, ಕಾಗದವನ್ನೂ ತಾವೇ ಮಾಡಿ ಅಚ್ಚು ಹಾಕುವವರ ಎದುರು ಎಷ್ಟು ದಿನ ನಿಂತಾರು?

ಉಳಿದ ಗಿರಾಕಿಗಳನ್ನೆಲ್ಲ ಬಿಟ್ಟದ್ದು ತಪ್ಪೇ? ನನಗೆ ಹಾಗೆ ಹೇಳುವ ಧೈರ್ಯ ಇಲ್ಲ. ಬಿಡದೇ ಇದ್ದಿದ್ದರೆ ಅಷ್ಟು ಕಡಿಮೆ ಸಮಯದಲ್ಲಿ ಐಪಾಡ್ ಆಗುತ್ತಿರಲಿಲ್ಲ. ಪೋರ್ಟಲ್‌ಪ್ಲೇಯರ್ ಆ ಎತ್ತರಕ್ಕೆ ಏರುತ್ತಲೂ ಇರಲಿಲ್ಲ. ತಪ್ಪು ಏನಾದರೂ ಇದ್ದರೆ, ಐದು ವರ್ಷದ ಸುಗ್ಗಿಯಲ್ಲಿ ಎರಡನೆಯ ಕಂಬ ಹುಗಿಯದೆ ಹೋದದ್ದು.

2006ರ ನವೆಂಬರಿನಲ್ಲಿ ಎನ್‌ವಿಡಿಯಾ ಕಂಪನಿ ಸುಮಾರು 35 ಕೋಟಿ 70 ಲಕ್ಷ ಡಾಲರಿಗೆ ಇದನ್ನು ಕೊಳ್ಳುವುದಾಗಿ ಹೇಳಿತು. 2007ರ ಜನವರಿಯಲ್ಲಿ ವ್ಯವಹಾರ ಮುಗಿಯಿತು. ಪೋರ್ಟಲ್‌ಪ್ಲೇಯರ್ ಎಂಬ ಹೆಸರು ಅಲ್ಲಿಗೆ ಅಳಿಸಿಹೋಯಿತು.

ಹೆಸರು ಹೋಯಿತು, ವಿದ್ಯೆ ಹೋಗಲಿಲ್ಲ. ಅಲ್ಲಿಯವರೆಗೆ ಎನ್‌ವಿಡಿಯಾ ಹೆಸರು ಮಾಡಿದ್ದು ಮುಖ್ಯವಾಗಿ ಕಂಪ್ಯೂಟರಿನ ಚಿತ್ರದ ಚಿಪ್ಪುಗಳಲ್ಲಿ. ಪುಟ್ಟ ಬ್ಯಾಟರಿಯಲ್ಲಿ ಇಡೀ ಯಂತ್ರ ನಡೆಸುವ ಚಿಪ್ಪಿನ ಅನುಭವ ಈ ಖರೀದಿಯಿಂದ ಅದರ ಕೈಸೇರಿತು. 2008ರಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಟೆಗ್ರಾ ಚಿಪ್ಪಿನ ಬೇರು ಇಲ್ಲಿದೆ. ಅದು 2009ರಲ್ಲಿ ಮೈಕ್ರೋಸಾಫ್ಟ್‌ನ ಝೂನ್ ಎಚ್‌ಡಿ ಪ್ಲೇಯರಿನಲ್ಲಿ ಬಂತು. 2011ರಲ್ಲಿ ಮೊಟೊರೊಲಾ ಝೂಮ್ ಟ್ಯಾಬ್ಲೆಟ್‌ನಲ್ಲಿ, 2012ರಲ್ಲಿ ಗೂಗಲ್‌ನ ನೆಕ್ಸಸ್ 7ರಲ್ಲಿ ಬಂತು. 2017ರಲ್ಲಿ ಬಂದು 15 ಕೋಟಿಗೂ ಹೆಚ್ಚು ಮಾರಾಟವಾದ ನಿಂಟೆಂಡೊ ಸ್ವಿಚ್ ಆಟದ ಯಂತ್ರದಲ್ಲೂ ಇರುವುದು ಟೆಗ್ರಾ ವಂಶದ ಚಿಪ್ಪೇ. ಐಪಾಡಿನ ಮಾರಾಟವನ್ನೇ ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸುವುದಾಗಿ ಹೇಳಿತು. ಏಣಿಯೂ ಹೋಯಿತು, ಏರಿದವರೂ ಇಳಿದರು.

ನಿಮ್ಮ ಮನೆಯ ಯಾವುದಾದರೂ ಡ್ರಾಯರಿನಲ್ಲಿ 2006ಕ್ಕೂ ಹಿಂದಿನ ಐಪಾಡ್ ಬಿದ್ದಿದ್ದರೆ ಒಮ್ಮೆ ಚಾರ್ಜಿಗೆ ಹಾಕಿ ನೋಡಿ. ಜೀವ ಬಂದರೆ ಒಂದು ಹಾಡು ಕೇಳಿ. ಹಾಡು ಮುಗಿದ ಮೇಲೆ ಹಾಡಿದವರ, ಬರೆದವರ, ರಾಗ ಹಾಕಿದವರ ಹೆಸರನ್ನು ನೀವೇ ಹೇಳಿಕೊಳ್ಳಿ. ಕೊನೆಗೆ ಇದನ್ನೂ ಸೇರಿಸಿ: ನುಡಿಸಿದವರು, ಸಾಂಟಾ ಕ್ಲಾರಾ ಮತ್ತು ಹೈದರಾಬಾದಿನ ಪೋರ್ಟಲ್‌ಪ್ಲೇಯರ್ ಬಳಗ.

ಮತ್ತೆ ಭೇಟಿಯಾಗೋಣ. ಕೇಳುತ್ತಿರಿ.