ಗಾಳಿಯಲ್ಲಿ ಸಾಗುವ ಮಾತಿಗೆ ಬೀಗ



ಊರೂರು ತಿರುಗುವ ಉದ್ಯೋಗಿಗೆ ವೈಫೈ ಬೀಗ ಸಾಕೋ, ವಿಪಿಎನ್ ಬೇಕೋ ಎಂದು ಕಂಪನಿಗಳು ಬಹುಕಾಲ ಚರ್ಚಿಸಿದವು. ಕಾಲ ಕೊಟ್ಟ ಉತ್ತರವನ್ನು ನಮ್ಮ ಬಬಲೇಶ್ವರದಂಥ ಊರುಗಳೂ ಕಂಡಿವೆ.

1997ರಲ್ಲಿ ವೈಫೈಯ ಮೊದಲ ಮಾನಕ ಬಂದಾಗ ಅದರೊಡನೆ ವೆಪ್ ಎಂಬ ಬೀಗವೂ ಬಂದಿತು. ತಂತಿಗೆ ಸರಿಸಮನಾದ ಗೋಪ್ಯತೆ ಎಂಬುದು ಆ ಹೆಸರಿನ ಅರ್ಥ, ಹೆಸರೇನೋ ದೊಡ್ಡದು! 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ತಜ್ಞರು ಅದರ ಟೊಳ್ಳುತನವನ್ನು ತೋರಿಸಿದರು. ಗಾಳಿಯಲ್ಲಿ ಸಾಗುವ ಸಂಕೇತಗಳನ್ನು ಸುಮ್ಮನೆ ಆಲಿಸಿ ಸಾಕಷ್ಟು ಸಂಗ್ರಹಿಸಿದರೆ ಕೀಲಿಯೇ ಕೈಸೇರುತ್ತಿತ್ತು. ಅಂದಿನಿಂದ ಎಚ್ಚರವುಳ್ಳ ಕಚೇರಿಗಳು ತಮ್ಮ ವೈಫೈಯನ್ನೂ ಬಯಲು ರಸ್ತೆಯೆಂದೇ ಎಣಿಸಿ, ಅದರಿಂದ ಬರುವವರೂ ವಿಪಿಎನ್ ಬಾಗಿಲಿನಿಂದಲೇ ಒಳಬರಲಿ ಎಂದವು.

2004ರಲ್ಲಿ ಬಂದ ಡಬ್ಲ್ಯೂಪಿಎ2 ಗಟ್ಟಿ ಬೀಗವೇ. ಆದರೂ ತಿರುಗಾಟದವನ ತೊಡಕು ತೀರಲಿಲ್ಲ. ವೈಫೈ ಬೀಗದ ಕಾವಲು ಲ್ಯಾಪ್‌ಟಾಪಿನಿಂದ ಗೋಡೆಯ ಮೇಲಿನ ಪೆಟ್ಟಿಗೆಯವರೆಗೆ ಮಾತ್ರ; ಕಚೇರಿಯ ಬೀಗ ಹೋಟೆಲಿಗೂ ವಿಮಾನ ನಿಲ್ದಾಣಕ್ಕೂ ಹಿಂಬಾಲಿಸಿ ಬಾರದು. ವಿಪಿಎನ್ ಹಾಗಲ್ಲ. ಲ್ಯಾಪ್‌ಟಾಪಿನಲ್ಲೇ ಲಕೋಟೆಗೆ ಅರಗಿನ ಮುದ್ರೆ ಒತ್ತುತ್ತದೆ. ಅದು ಒಡೆಯುವುದು ಕಚೇರಿಯ ಬಾಗಿಲಲ್ಲೇ. ನಡುವಿನ ಅಂಚೆಯವನು ಯಾರಾದರೇನು? ಒಂದು ದಾರಿ, ಇನ್ನೊಂದು ಮುದ್ರೆ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂಬ ಪ್ರಶ್ನೆಯೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ನಮ್ಮ ದೇಶದಲ್ಲಿ ಇದು ಕಾನೂನಿನ ಪ್ರಶ್ನೆಯೂ ಆಗಿತ್ತು. ಕಾಲ್ ಸೆಂಟರ್ ಮೊದಲಾದ ಸೇವಾ ಕಂಪನಿಗಳು ನೌಕರರನ್ನು ಮನೆಯಿಂದ ದುಡಿಸಬೇಕಾದರೆ ಭದ್ರತಾ ಠೇವಣಿ ಇಡಬೇಕಿತ್ತು. ವಿಪಿಎನ್ ಕೂಡ ಪರವಾನಗಿ ಪಡೆದ ದೂರಸಂಪರ್ಕ ಸಂಸ್ಥೆಯೇ ಒದಗಿಸಿದ್ದಾಗಿರಬೇಕಿತ್ತು. ಹಳ್ಳಿಯ ಮನೆಗೆ ಅಂಥದು ಎಲ್ಲಿಂದ ಬರಬೇಕು? ಕೋವಿಡ್ ಹರಡತೊಡಗಿದಾಗ, 2020ರ ಮಾರ್ಚ್ 13ರಂದು, ದೂರಸಂಪರ್ಕ ಇಲಾಖೆಯು ಈ ಎರಡೂ ನಿಬಂಧನೆಗಳನ್ನು ಏಪ್ರಿಲ್ 30ರವರೆಗೆ ಸಡಿಲಿಸಿ, ಕಂಪನಿಗಳು ತಾವೇ ರಚಿಸಿಕೊಂಡ ಸುರಕ್ಷಿತ ವಿಪಿಎನ್ ಬಳಸಲು ಒಪ್ಪಿತು. ಆಮೇಲೆ ಅವಧಿ ವಿಸ್ತರಣೆಯಾಯಿತು. ಹನ್ನೆರಡು ದಿನಗಳಲ್ಲಿ ದೇಶವೇ ಬಾಗಿಲು ಹಾಕಿತು.

ಆ ಬೇಸಿಗೆಯಲ್ಲಿ ಬೆಂಗಳೂರು, ಪುಣೆಗಳಿಂದ ಮರಳಿದ ನೀವು ಹಲವರು ಸಿಗ್ನಲ್ ಅರಸಿ ಮಾಳಿಗೆ ಏರಿದ್ದುಂಟು. ಮೊಬೈಲಿನ ಹಾಟ್‌ಸ್ಪಾಟೇ ನಿಮ್ಮ ವೈಫೈ; ಅದರೊಳಗೆ ವಿಪಿಎನ್ ಹಾದಿ. ಮಗ ಮೊಬೈಲಿನಲ್ಲಿ ಆಡುತ್ತಾ ಕುಳಿತಿದ್ದಾನೆಂದು ಮನೆಯ ಹಿರಿಯರು ಗೊಣಗಿದರೂ ಸಂಬಳ ಮಾತ್ರ ನಿಲ್ಲಲಿಲ್ಲ.

2020ರ ನವೆಂಬರ್ 5ರ ಹೊಸ ಮಾರ್ಗಸೂಚಿಯು ಮನೆಯಿಂದಷ್ಟೇ ಅಲ್ಲ, ಭಾರತದ ಯಾವ ಸ್ಥಳದಿಂದಲಾದರೂ ಕೆಲಸ ಮಾಡಬಹುದೆಂದಿತು. ಆ ವೇಳೆಗಾಗಲೇ ನಿಮ್ಮಲ್ಲಿ ಕೆಲವರು ಬೆಂಗಳೂರಿನ ಬಾಡಿಗೆ ಮನೆಯ ಕೀಲಿಯನ್ನು ಮಾಲೀಕರಿಗೆ ಒಪ್ಪಿಸಿ ಬಂದಿದ್ದಿರಿ.